ಗೇಣುದೂರದ ಪರದೆ ಮತ್ತು ಮಗುವಿನ ಕಣ್ಣು

ಮೊಬೈಲ್ ಫೋನನ್ನು ಕಣ್ಣೆದುರಿಗೆ ಹಿಡಿಯದ ಹೊರತು ಮಗು ತುತ್ತು ನುಂಗುವುದಿಲ್ಲವೆಂಬ ದೂರು ಇಂದು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಹಿರಿಯರು ಗದರಿಸುತ್ತಾರೆ, ಮಗು ಅಳುತ್ತದೆ, ಕೊನೆಗೆ ಫೋನು ಮರಳಿ ಅದರ ಕೈ ಸೇರುತ್ತದೆ. ಈ ಜಗ್ಗಾಟದಲ್ಲಿ ನಾವು ‘ಎಷ್ಟು ಹೊತ್ತು’ ಎಂಬುದೊಂದನ್ನೇ ಎಣಿಸುತ್ತೇವೆ. ‘ಎಷ್ಟು ದೂರ’, ‘ಎಂಥ ಬೆಳಕು’ ಎಂಬ ಇನ್ನೆರಡು ಪ್ರಶ್ನೆಗಳನ್ನೂ ಕೇಳಿಕೊಂಡರೆ ಮನೆಯವರು ಮಾಡಬೇಕಾದುದು ಸ್ಪಷ್ಟವಾಗುತ್ತದೆ.

ಮೊದಲು ದೂರದ ವಿಚಾರ. ದೂರದ ಮರವನ್ನು ನೋಡುವಾಗ ಆರೋಗ್ಯವಂತ ಕಣ್ಣಿನ ಮಸೂರವು ವಿಶ್ರಾಂತಿಯಲ್ಲಿರುತ್ತದೆ. ವಸ್ತು ಸಮೀಪಿಸಿದಂತೆ ಅದರ ಸುತ್ತಲಿನ ಸ್ನಾಯು ಬಿಗಿದು, ಮಸೂರವು ಹೆಚ್ಚು ಉಬ್ಬಬೇಕಾಗುತ್ತದೆ. ಈ ಶ್ರಮವನ್ನು ಡಯಾಪ್ಟರ್ ಎಂಬ ಮಾನದಿಂದ ಅಳೆಯುವರು. ಲೆಕ್ಕ ಸುಲಭ: 100ನ್ನು ಸೆಂಟಿಮೀಟರುಗಳಲ್ಲಿರುವ ದೂರದಿಂದ ಭಾಗಿಸಿದರೆ ಸಾಕು. ಎರಡು ಮೀಟರ್ ದೂರದ ಟೆಲಿವಿಷನ್ನಿಗೆ ಅರ್ಧ ಡಯಾಪ್ಟರ್. 50 ಸೆಂಟಿಮೀಟರ್ ದೂರದ ಕಂಪ್ಯೂಟರಿಗೆ 2. ಗೇಣಿಗಿಂತ ತುಸುವೇ ಹೆಚ್ಚು, ಎಂದರೆ 25 ಸೆಂಟಿಮೀಟರ್ ದೂರದಲ್ಲಿ ಹಿಡಿದ ಫೋನಿಗೆ 4. ಪುಸ್ತಕವನ್ನು ಅಷ್ಟೇ ಹತ್ತಿರ ಹಿಡಿದರೂ ಶ್ರಮ ಅಷ್ಟೇ. ಆದರೆ ಪುಸ್ತಕದ ಪುಟ ಮುಗಿಯುತ್ತದೆ, ಕಣ್ಣು ಮೇಲೇಳುತ್ತದೆ. ಫೋನಿನ ಚಿತ್ರಗಳಿಗೆ ಕೊನೆಯೆಂಬುದಿಲ್ಲ.

ಇದರಲ್ಲಿ ಅಪಾಯವೇನು? ಮಗುವಿನ ಕಣ್ಣುಗುಡ್ಡೆ ಇನ್ನೂ ಬೆಳೆಯುತ್ತಿರುತ್ತದೆ. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಉದ್ದವಿರುವ ಅದು ಪ್ರಾಯಕ್ಕೆ ಬಂದಾಗ ಸುಮಾರು 24 ಆಗುತ್ತದೆ. ಇದು ಮಿತಿಮೀರಿ ಉದ್ದವಾದರೆ ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಸಮೀಪದೃಷ್ಟಿ ದೋಷವೆಂದರೆ ಇದೇ. ಒಂದು ಮಿಲಿಮೀಟರಿನ ಹೆಚ್ಚಳಕ್ಕೆ ಎರಡೂವರೆ ಡಯಾಪ್ಟರಿನಷ್ಟು ಕನ್ನಡಕ ಬೇಕಾದೀತು. ಕನ್ನಡಕವು ನೋಟವನ್ನು ಸರಿಪಡಿಸುತ್ತದೆಯೇ ಹೊರತು, ಉದ್ದವಾದ ಕಣ್ಣನ್ನು ಮೊದಲಿನಂತೆ ಮಾಡಲಾರದು. ದೋಷ ಬಹಳ ಹೆಚ್ಚಿದಲ್ಲಿ ಮುಂದೆ ಅಕ್ಷಿಪಟಲಕ್ಕೂ ಕೇಡು ತಗಲುವ ಸಂಭವ ಹೆಚ್ಚು.

ಇನ್ನು ಬೆಳಕು. ದೀಪ ಹೊತ್ತಿಸಿದ ನಮ್ಮ ಕೋಣೆಗಳಲ್ಲಿ ಸಾಮಾನ್ಯವಾಗಿ 100ರಿಂದ 500 ಲಕ್ಸ್ ಬೆಳಕಿರುತ್ತದೆ. ಹಗಲಿನ ಬಯಲಿನಲ್ಲಿ ಅದು 10,000ವನ್ನು ಮೀರುತ್ತದೆ. ನಡುಹಗಲ ಬಿಸಿಲಿನಲ್ಲಿ 1,00,000ದವರೆಗೂ ಏರುತ್ತದೆ. ಪ್ರಖರವಾದ ಬೆಳಕಿನಲ್ಲಿ ಅಕ್ಷಿಪಟಲವು ಡೋಪಮೀನ್ ಎಂಬ ದ್ರವ್ಯವನ್ನು ಹೆಚ್ಚಾಗಿ ಸ್ರವಿಸಿ, ಕಣ್ಣಿನ ಅತಿಬೆಳವಣಿಗೆಗೆ ಕಡಿವಾಣ ಹಾಕುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ.

ಮಕ್ಕಳ ವಿಷಯದಲ್ಲಿ ಚೀನದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ನಡೆದ ಪರೀಕ್ಷೆಯು ಗಮನಾರ್ಹವಾದುದು. ಆರು ಶಾಲೆಗಳ ಒಂದನೆಯ ತರಗತಿಯವರಿಗೆ ದಿನಕ್ಕೆ 40 ನಿಮಿಷಗಳ ಹೊರಾಂಗಣ ಪಾಠವನ್ನು ಹೆಚ್ಚಾಗಿ ಸೇರಿಸಲಾಯಿತು. ಉಳಿದ ಆರರಲ್ಲಿ ಎಂದಿನ ಕ್ರಮವೇ ಮುಂದುವರಿಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿಗೆ ಒಳಗಾದವರು ಎಂದಿನ ಕ್ರಮದ ಶಾಲೆಗಳಲ್ಲಿ ಶೇಕಡಾ 39.5, ಹೊರಗೆ ಆಡಿದವರಲ್ಲಿ ಶೇಕಡಾ 30.4.

ಆದುದರಿಂದ ‘ಫೋನು ಬಿಡು’ ಎನ್ನುವುದಕ್ಕಿಂತ ‘ಹೊರಗೆ ಬಾ’ ಎಂದು ಕರೆಯುವುದು ಮೇಲು. ಲಗೋರಿ, ಕುಂಟೆಬಿಲ್ಲೆಗಳಿಗೆ ಖರ್ಚಿಲ್ಲ. ಮರದ ನೆರಳಿನ ಬೆಳಕೂ ಕೋಣೆಯ ಬೆಳಕಿಗಿಂತ ಅನೇಕ ಪಾಲು ಮಿಗಿಲು. ಸೂರ್ಯನನ್ನು ದಿಟ್ಟಿಸಬಾರದೆಂದು ಮಾತ್ರ ಮಕ್ಕಳಿಗೆ ಹೇಳಿರಬೇಕು. ಚಿತ್ರ ನೋಡಲೇಬೇಕಾದಾಗ ಫೋನಿಗಿಂತ ದೂರದ ಟೆಲಿವಿಷನ್ ವಾಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಮಗುವಿಗೆ ಕಿಟಕಿಯಾಚೆಯದೇನನ್ನಾದರೂ ತೋರಿಸಬೇಕು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎರಡು ವರ್ಷ ತುಂಬದವರಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಸಲಹೆಯಿತ್ತಿದೆ.

ಊಟದ ಹೊತ್ತಿಗೆ ಮನೆಯ ಫೋನುಗಳೆಲ್ಲವೂ ಒಂದೇ ಗೂಡಿನಲ್ಲಿರಲಿ, ಹಿರಿಯರವು ಮೊದಲು. ತಂದೆಯ ಕೈಯಲ್ಲಿ ಫೋನಿರುವಾಗ ಮಗುವಿಗೆ ಹೇಳುವ ಬುದ್ಧಿಮಾತು ನಾಟುವುದಿಲ್ಲ. ಎರಡು ದಿನ ಅತ್ತೀತು. ಮೂರನೆಯ ದಿನ ಅಂಗಳದ ಗುಬ್ಬಿಯನ್ನು ನೋಡುತ್ತ ಉಂಡರೂ ಉಂಡೀತು.