ಹದಿನೇಳು ಅಂಕಿಗಳ ಸುಡೋಕು

ಪತ್ರಿಕೆ ಮರಾಠಿಯದಾದರೂ ಅದರ ಸುಡೋಕುವನ್ನು ಬಿಡಿಸಲು ಉಮರಗಾ, ನಿಲಂಗಾ, ಉದಗೀರಗಳ ಕನ್ನಡ ಶಾಲೆಯ ಮಕ್ಕಳಿಗೆ ಭಾಷೆಯ ತೊಡಕಿಲ್ಲ. 81 ಮನೆಗಳ ಈ ಚೌಕಕ್ಕೆ ಒಂದೇ ಉತ್ತರವಿರಬೇಕಾದರೆ ಮೊದಲು ಕನಿಷ್ಠ ಎಷ್ಟು ಅಂಕಿಗಳನ್ನು ಕೊಡಬೇಕು? ಹದಿನೇಳು. ಹದಿನಾರು ಸಾಲದೆಂಬುದನ್ನು ಡಬ್ಲಿನ್ನಿನ ಗಣಿತಜ್ಞ ಗ್ಯಾರಿ ಮೆಗ್ವಾಯರ್ ಅವರ ತಂಡವು 2012ರಲ್ಲಿ ಗಣಕಯಂತ್ರದಿಂದ ಸಾಧ್ಯತೆಗಳನ್ನೆಲ್ಲ ಶೋಧಿಸಿ ತೋರಿಸಿತು.

ಇದರ ಒಂದೆಳೆಯನ್ನು ಮಕ್ಕಳೇ ಪರೀಕ್ಷಿಸಬಹುದು. ಕೊಟ್ಟ ಅಂಕಿಗಳಲ್ಲಿ 4 ಮತ್ತು 7 ಎರಡೂ ಇಲ್ಲವೆನ್ನಿ. ಉತ್ತರದಲ್ಲಿ ಅವೆರಡನ್ನೂ ಅದಲುಬದಲು ಮಾಡಿದರೂ ನಿಯಮ ಕೆಡದು. ಅಲ್ಲಿಗೆ ಉತ್ತರಗಳು ಎರಡಾದವು! ಆದುದರಿಂದ ಎಂಟು ಬಗೆಯ ಅಂಕಿಗಳಾದರೂ ಕಾಣಿಸಲೇಬೇಕು. ಅಂಕಿಗಳು ಇಲ್ಲಿ ಗುರುತುಗಳಷ್ಟೇ, ಕೂಡುವುದಿಲ್ಲ, ಕಳೆಯುವುದಿಲ್ಲ. ಮರಾಠಿ ಅಂಕಿಗಳ ನಡುವೆ ಬೆಳೆಯುವ ಮಕ್ಕಳು ೧ರಿಂದ ೯ರವರೆಗಿನ ನಮ್ಮ ಅಂಕಿಗಳಿಂದಲೇ ಚೌಕವನ್ನು ತುಂಬಲಿ; ಮರೆತ ಬರವಣಿಗೆ ಕೈಗೆ ಹತ್ತೀತು.

ಅಂಕಿ ಕಡಿಮೆಯಾದಷ್ಟೂ ಕಠಿಣವೆಂಬುದು ಮಾತ್ರ ತಪ್ಪು ಭಾವನೆ. ಹದಿನೇಳರ ಚೌಕಗಳಲ್ಲಿ ಸುಲಭವಾದವೂ ಉಂಟು. ಅತಿ ಕಠಿಣವೆಂದು 2012ರಲ್ಲಿ ಹೆಸರಾದ, ಫಿನ್ಲೆಂಡಿನ ಆರ್ತೋ ಇಂಕಾಲಾ ಅವರ ಚೌಕದಲ್ಲಿ 21 ಅಂಕಿಗಳಿವೆ. ಇಂಥವುಗಳಿಗೆ ಪೆನ್ಸಿಲೇ ಬೇಕು: ಖಾಲಿ ಮನೆಯ ಮೂಲೆಯಲ್ಲಿ ಅಲ್ಲಿಗೆ ಸಲ್ಲಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರೆದು, ಸಲ್ಲದವನ್ನು ಒಂದೊಂದಾಗಿ ಅಳಿಸುತ್ತ ಹೋಗಬೇಕು.