ಆರರಲ್ಲಿ ಐದು ಹೋದರೆ ಉಳಿಯುವವರು ಯಾರು?

ಗೆಳೆಯರ ಗುಂಪೊಂದನ್ನು ಕೊಲೆಗಾರನು ಹರಿತವಾದ ಆಯುಧದಿಂದ ಒಬ್ಬೊಬ್ಬರನ್ನಾಗಿ ಮುಗಿಸುತ್ತ ಹೋಗುವ ಚಿತ್ರಗಳನ್ನು ಸ್ಲ್ಯಾಶರ್ ಎನ್ನುತ್ತಾರೆ. ಕೊನೆಯವರೆಗೂ ಬದುಕುಳಿದು ಅವನನ್ನು ಎದುರಿಸುವ ಯುವತಿಯನ್ನು ವಿಮರ್ಶಕಿ ಕ್ಯಾರಲ್ ಕ್ಲೋವರ್ 1987ರಲ್ಲಿ ‘ಫೈನಲ್ ಗರ್ಲ್’, ಅಂದರೆ ಕೊನೆಗುಳಿದ ಹುಡುಗಿ, ಎಂದು ಕರೆದರು. 1978ರ ‘ಹ್ಯಾಲೋವೀನ್’ನಲ್ಲಿ ಬಟ್ಟೆಯ ಕಪಾಟಿನೊಳಗೆ ಅಡಗಿದ ನಾಯಕಿ ಲಾರಿ, ಕೈಗೆ ಸಿಕ್ಕ ತಂತಿಯ ಹ್ಯಾಂಗರನ್ನು ಬಿಚ್ಚಿ ಕೊಲೆಗಾರನ ಕಣ್ಣಿಗೆ ಚುಚ್ಚುತ್ತಾಳೆ. ಪಾತ್ರಗಳನ್ನು ಅವುಗಳ ಸ್ವಭಾವದಿಂದಲ್ಲ, ಕಥೆಯಲ್ಲಿ ಅವು ಮಾಡುವ ಕೆಲಸದಿಂದ ಗುರುತಿಸಬೇಕೆಂದು 1928ರಲ್ಲಿ ವಾದಿಸಿದ ರಷ್ಯಾದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ಅವರ ಸಿದ್ಧಾಂತದಂತೆ ನೋಡಿದರೆ, ಆ ಗಳಿಗೆಯಲ್ಲಿ ರಕ್ಷಿಸಲ್ಪಡಬೇಕಾದ ರಾಜಕುಮಾರಿಯೂ ರಕ್ಷಿಸುವ ನಾಯಕನೂ ಒಬ್ಬಳಲ್ಲೇ ಸೇರುತ್ತಾರೆ.

ಕನ್ನಡದಲ್ಲಿ ಸ್ಲ್ಯಾಶರಿಗೆ ಹತ್ತಿರದ್ದು ಕೆ.ಎಸ್. ಅಶೋಕ ನಿರ್ದೇಶಿಸಿದ 2013ರ ‘6-5=2’. ಬೆಂಗಳೂರಿನ ಸಿಂಗಸಂದ್ರದ ಪಿಜಿಗಳಿಂದ ಶುಕ್ರವಾರ ರಾತ್ರಿ ಬ್ಯಾಗು ಹೊತ್ತು ಹೊರಡುವವರಂತೆಯೇ ಇಲ್ಲಿಯೂ ಗೆಳೆಯರು ಚಾರಣಕ್ಕೆ ಹೋಗುತ್ತಾರೆ, ಮತ್ತು ಇಡೀ ಕಥೆಯು ಅವರದೇ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ ನಿರೂಪಿತವಾಗಿದೆ. ಊರಿನಿಂದ ದೂರದ ಕಾಡು, ದಾರಿ ತಪ್ಪುವ ಗುಂಪು, ಕರಗುತ್ತ ಹೋಗುವ ತಲೆಯೆಣಿಕೆ ಎಲ್ಲವೂ ಸ್ಲ್ಯಾಶರಿನವೇ ಆದರೂ, ಖಳನ ಜಾಗದಲ್ಲಿ ಮುಖವಾಡದ ಮನುಷ್ಯನ ಬದಲು ಕಾಣದ ಶಕ್ತಿಯಿದೆ; ಚುಚ್ಚುವುದಕ್ಕೆ ಕಣ್ಣೇ ಇಲ್ಲದ ಮೇಲೆ ಲಾರಿಯಂಥ ಪಾತ್ರ ಹುಟ್ಟುವುದಾದರೂ ಹೇಗೆ? ಕದಡಿದ ಸಮತೋಲನವು ಕಥೆಯ ಕೊನೆಗೆ ಹೊಸ ರೂಪದಲ್ಲಿ ಮರಳುತ್ತದೆಂಬುದು ಸಾಹಿತ್ಯ ಸಿದ್ಧಾಂತಿ ತ್ಸ್ವೆತಾನ್ ತೊದೊರೊವ್ ಅವರ ನಿರೂಪಣಾ ಸೂತ್ರ. ಈ ಚಿತ್ರವಾದರೋ ತಾಳೆಯಾಗದ ಲೆಕ್ಕವನ್ನು ಹೆಸರಿನಲ್ಲೇ ಹೊತ್ತಿದೆ. ಆದ್ದರಿಂದ ಇದನ್ನು ಸ್ಲ್ಯಾಶರ್ ಎನ್ನುವುದಕ್ಕಿಂತ, ಸ್ಲ್ಯಾಶರಿನ ಚೌಕಟ್ಟಿನಲ್ಲಿ ಕೂರಿಸಿದ ದೆವ್ವದ ಕಥೆ ಎನ್ನುವುದೇ ಸರಿ.