ಶಾಲೆ ಬಿಟ್ಟ ಮೇಲೂ ಮೇಷ್ಟ್ರು: ದಯಾಸಾಗರ ತಾತಯ್ಯನವರ ನೆನಪು

ಹದಿನಾರು: ಬೆಳಗಿನ ಬಸ್ಸು ಬರುವ ಹೊತ್ತಿಗೆ ಈ ಊರಿನ ರಸ್ತೆ ಬದಿ ನಿಂತು ನೋಡಬೇಕು. ನಂಜನಗೂಡಿನ ಕಾರ್ಖಾನೆಗೆ ಹೊರಟವರು, ತಿ. ನರಸೀಪುರದ ಕಡೆ ಕೆಲಸವಿದ್ದವರು, ಸಂತೆಗೆ ಸೊಪ್ಪಿನ ಮೂಟೆ ಹೊತ್ತವರು, ಇವರ ನಡುವೆ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರ ಹಿಂಡು. ಬಸ್ಸು ಬಂದರೆ ಸಾಕು, ಕಿಟಕಿಯಲ್ಲಿ ಟವೆಲ್ ಬಿತ್ತು, ಸೀಟು ಹಿಡಿದದ್ದಾಯಿತು. ‘ಅಣ್ಣ, ಸ್ವಲ್ಪ ಸರ್ಕೊಳ್ಳಿ’ ಎಂಬ ಕೂಗು. ಒಬ್ಬೊಬ್ಬರ ಚೀಲದಲ್ಲೂ ಪುಸ್ತಕದ ಜೊತೆ ಊಟದ ಡಬ್ಬಿ.

ಆ ಡಬ್ಬಿಯನ್ನು ನೋಡಿದರೆ ಒಬ್ಬ ಹಳೇ ಮೇಷ್ಟ್ರ ನೆನಪಾಗಬೇಕು. ಯಾಕೆಂದರೆ ಹಳ್ಳಿಯ ಹುಡುಗನ ಓದು ನಿಲ್ಲುವುದು ಬಹಳ ಸಲ ಬುದ್ಧಿ ಸಾಲದೆ ಅಲ್ಲ, ಅನ್ನ ಸಾಲದೆ. ಇದನ್ನು ಅರಿತು ತಮ್ಮ ಇಡೀ ಆಯುಷ್ಯವನ್ನು ಅದಕ್ಕೇ ಸವೆಸಿದವರು ಎಂ. ವೆಂಕಟಕೃಷ್ಣಯ್ಯನವರು. ಮೈಸೂರು ಸೀಮೆಯ ಜನ ಆ ಉದ್ದನೆಯ ಹೆಸರನ್ನು ಪಕ್ಕಕ್ಕಿಟ್ಟು ‘ತಾತಯ್ಯ’ ಎಂದೇ ಕರೆದರು. ನವೆಂಬರ್ 8 ಅವರು ತೀರಿಕೊಂಡ ದಿನ.

ಅರಸರ ಊರು, ಹಸಿದ ಹೊಟ್ಟೆ

ಹದಿನಾರು ಸಾಮಾನ್ಯ ಊರೇನಲ್ಲ. ಮೈಸೂರು ಅರಸರ ವಂಶದ ಕಥೆ ಶುರುವಾಗುವುದೇ ಹದಿನಾಡು ಎಂಬ ಹೆಸರಿನಿಂದ. 1399ರಲ್ಲಿ ಯದುರಾಯರು ಇಲ್ಲಿನ ಪಾಳೆಯಪಟ್ಟನ್ನು ಶತ್ರುವಿನಿಂದ ಉಳಿಸಿ ಅರಸು ಕುವರಿಯ ಕೈ ಹಿಡಿದರು ಎಂಬ ಕಥೆ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಹಾರಿಬಂದು ಇಲ್ಲಿನ ಕೆರೆಯಲ್ಲಿ ಇಳಿಯುತ್ತವೆ. ನೋಡಲು ಪೇಟೆಯವರು ಕ್ಯಾಮೆರಾ ಹಿಡಿದು ಬರುತ್ತಾರೆ.

ಆದರೆ ಸ್ವಾಮಿ, ಅರಸರ ಮೂಲದ ಊರು ಎಂಬ ಹೆಸರು ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ. ನೂರೈವತ್ತು ವರ್ಷದ ಹಿಂದೆ ಈ ಕಡೆಯ ಹುಡುಗನೊಬ್ಬ ಇಂಗ್ಲಿಷ್ ಓದು ಕಲಿಯಬೇಕೆಂದರೆ ಮೈಸೂರಿಗೇ ಹೋಗಬೇಕಿತ್ತು. ಬಸ್ಸೆಂಬುದೇ ಇರಲಿಲ್ಲ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದೇ 1891ರಲ್ಲಿ. ಎತ್ತಿನ ಗಾಡಿ, ಇಲ್ಲವೇ ಕಾಲು. ಹೋಗಿ ಸೇರಿದರೂ ಉಳಿಯುವುದೆಲ್ಲಿ? ಉಣ್ಣುವುದೆಲ್ಲಿ?

ಅಂದಿನ ಕಾಲಕ್ಕೆ ಇದ್ದ ಒಂದೇ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಂದು ಮನೆ ತಪ್ಪಿತೋ, ಆ ದಿನ ನೀರು ಕುಡಿದು ಮಲಗು. ಅದೂ ಎಲ್ಲ ಜಾತಿಯ ಮಕ್ಕಳಿಗೆ ದಕ್ಕುವ ಮಾತಾಗಿರಲಿಲ್ಲ. ವಾರದ ಮನೆ ಸಿಗದ ಹುಡುಗ ಗಂಟು ಕಟ್ಟಿ ಊರಿಗೆ ವಾಪಸು ಬಂದು ನೇಗಿಲು ಹಿಡಿಯುತ್ತಿದ್ದ.

ಬರಗಾಲದಲ್ಲಿ ಹುಟ್ಟಿದ ಶಾಲೆ

ವೆಂಕಟಕೃಷ್ಣಯ್ಯನವರೂ ಹಳ್ಳಿಯಿಂದ ಬಂದವರೇ. 1844ರಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಮಗ್ಗೆ ಎಂಬ ಗ್ರಾಮದಲ್ಲಿ ಹುಟ್ಟಿದರು. ಆಗ ಮೈಸೂರು ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಮೈಸೂರಿಗೆ ಬಂದು ಓದಿ ಉಪಾಧ್ಯಾಯರಾದರು.

ಮರಿಮಲ್ಲಪ್ಪ ಎಂಬ ದಾನಿಗಳು ಸಾಯುವ ಮುನ್ನ ತಮ್ಮ ಹಣವನ್ನು ವಿದ್ಯಾದಾನಕ್ಕೆ ಬಿಟ್ಟುಹೋಗಿದ್ದರು. ಆ ಹಣದಿಂದ 1876ರಲ್ಲಿ ಮೈಸೂರಿನಲ್ಲಿ ಶಾಲೆ ಹುಟ್ಟಿತು. ಅಂಗಡಿ ಇಟ್ಟವರು ಈ ಮಾತನ್ನು ಗಮನಿಸಬೇಕು. ಒಬ್ಬರ ಗಂಟು ಊರ ಮಕ್ಕಳ ಗಂಟಾಯಿತು. ಅದೇ ಮರಿಮಲ್ಲಪ್ಪ ಶಾಲೆ. ಸೀತಾವಿಲಾಸ ರಸ್ತೆಯಲ್ಲಿ ಇಂದಿಗೂ ಗಂಟೆ ಬಾರಿಸುತ್ತಿದೆ. ಅದರ ಮುಖ್ಯೋಪಾಧ್ಯಾಯರಾಗಿ ಬಹುಕಾಲ ದುಡಿದವರು ತಾತಯ್ಯ.

1876 ಎಂದರೆ ಎಂಥ ವರ್ಷ ಗೊತ್ತೇ? ಹಿರಿಯರು ‘ಧಾತು ಈಶ್ವರ’ ಎಂದು ಹೇಳಿ ಕೈ ಮುಗಿಯುತ್ತಿದ್ದ ಮಹಾಕ್ಷಾಮ ಕಾಲಿಟ್ಟ ವರ್ಷ. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು, ಈಶ್ವರ ಸಂವತ್ಸರದಲ್ಲಿ ಹೆಣ ಎತ್ತುವವರಿಲ್ಲದಂತಾಯಿತು. ಸುಮಾರು ಐವತ್ತು ಲಕ್ಷ ಜನರಿದ್ದ ಮೈಸೂರು ರಾಜ್ಯದಲ್ಲಿ ಹತ್ತು ಲಕ್ಷದಷ್ಟು ಮಂದಿ ಕಡಿಮೆಯಾದರು. ತಾಯಿ ತಂದೆ ಇಲ್ಲದ ಮಕ್ಕಳು ಬೀದಿಗೆ ಬಿದ್ದರು. ಇದರ ಗಾಯ ಮಾಯುವ ಮುಂಚೆಯೇ 1898ರಲ್ಲಿ ಪ್ಲೇಗ್ ಮಾರಿ ಬಂತು. ಮತ್ತೆ ಮನೆ ಬರಿದಾದವು, ಮತ್ತೆ ಮಕ್ಕಳು ತಬ್ಬಲಿಯಾದರು.

ಇಂಥ ಕಾಲದಲ್ಲಿ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವ ಮೇಷ್ಟ್ರಿಗೆ ಎದುರಿಗೆ ಏನು ಕಂಡಿರಬೇಡ! ಹಸಿದ ಹೊಟ್ಟೆಗೆ ವ್ಯಾಕರಣ ಹತ್ತೀತೇ?

ಅನಾಥಾಲಯದ ಅನ್ನ

ತಾತಯ್ಯನವರು ಪಾಠ ಹೇಳಿ ಸುಮ್ಮನಾಗಲಿಲ್ಲ. ಮೈಸೂರಿನಲ್ಲಿ ಅನಾಥಾಲಯ ಕಟ್ಟಿದರು. ದಿಕ್ಕಿಲ್ಲದ ಮಕ್ಕಳಿಗೆ, ಹಳ್ಳಿಯಿಂದ ಓದಲು ಬಂದ ಬಡ ಹುಡುಗರಿಗೆ ಅಲ್ಲಿ ಅನ್ನ, ಸೂರು. ಮೈಸೂರಿಗೆ ಬಂದು ಕಷ್ಟದಲ್ಲಿ ಓದಿದ ಎಷ್ಟೋ ಮಂದಿಗೆ ಅನಾಥಾಲಯದ ಎಲೆಯೇ ಆಸರೆಯಾಯಿತು.

ಒಂದು ದಿನ ಅನ್ನ ಹಾಕುವುದು ಸುಲಭ. ಮದುವೆ ಮನೆಯಲ್ಲಿ ಸಾವಿರ ಎಲೆ ಬೀಳುತ್ತದೆ. ದಿನಾ ಬೆಳಗ್ಗೆ ಎದ್ದು ಇವತ್ತಿನ ಅಕ್ಕಿಗೆ ಏನು, ಬೇಳೆಗೆ ಏನು, ಸೌದೆಗೆ ಏನು ಎಂದು ವರ್ಷಗಟ್ಟಲೆ ಲೆಕ್ಕ ಹಾಕುವುದಿದೆಯಲ್ಲ, ಅದು ಸಂಸಾರಸ್ಥರಿಗೆ ಗೊತ್ತು. ದಿನಸಿ ಅಂಗಡಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮೇಷ್ಟ್ರ ಸಂಬಳ ಎಷ್ಟಕ್ಕೆ ಸಾಕು? ಊರವರ ಮುಂದೆ ಕೈ ಚಾಚಬೇಕು. ತನಗಾಗಿ ಚಾಚಿದರೆ ಅದು ಭಿಕ್ಷೆ, ಊರ ಮಕ್ಕಳಿಗಾಗಿ ಚಾಚಿದರೆ ಅದು ಸೇವೆ. ‘ದಯಾಸಾಗರ’ ಎಂಬ ಬಿರುದು ಅವರಿಗೆ ಸುಮ್ಮನೆ ಬಂದದ್ದಲ್ಲ.

ಪತ್ರಿಕೆಯೂ ಪಾಠವೇ

ಮೇಷ್ಟ್ರಿಗೆ ಪತ್ರಿಕೆ ಯಾಕೆ ಬೇಕಿತ್ತು ಎಂದು ಕೇಳುವವರು ಆಗಲೂ ಇದ್ದಿರಬಹುದು. ತಾತಯ್ಯನವರು ಒಂದಲ್ಲ, ಹಲವು ಪತ್ರಿಕೆ ನಡೆಸಿದರು. ಕನ್ನಡದಲ್ಲಿ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’, ‘ಸಂಪದಭ್ಯುದಯ’. ಇಂಗ್ಲಿಷಿನಲ್ಲಿ ‘ಮೈಸೂರು ಹೆರಾಲ್ಡ್’, ‘ಮೈಸೂರು ಪೇಟ್ರಿಯಟ್’. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲೇ ಜೋಡಿಸುವ ಕಾಲ. ಓದು ಬಲ್ಲವರು ಕಡಿಮೆ, ದುಡ್ಡು ಕೊಟ್ಟು ಓದುವವರು ಇನ್ನೂ ಕಡಿಮೆ.

1881ರಲ್ಲಿ ರಾಜ್ಯ ಮತ್ತೆ ಅರಸರ ಕೈಗೆ ಬಂತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರಾ ಹೊತ್ತಿಗೆ ಊರೂರಿನ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿ ದಿವಾನರ ಮುಂದೆ ಕಷ್ಟಸುಖ ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಬಹುದಿತ್ತು ಅಷ್ಟೆ, ಕಾನೂನು ಮಾಡುವ ಅಧಿಕಾರ ಆ ಸಭೆಗೆ ಆಗ ಇರಲಿಲ್ಲ. ತಾತಯ್ಯನವರೂ ಅದರ ಸದಸ್ಯರಾಗಿ ಎದ್ದು ನಿಂತು ಮಾತಾಡಿದರು. ಸಭೆ ಮುಗಿದ ಮೇಲೂ ವರ್ಷವಿಡೀ ಕೇಳುವವರು ಬೇಕಲ್ಲ? ಆ ಕೆಲಸವನ್ನು ಪತ್ರಿಕೆ ಮಾಡಿತು.

ದೊಡ್ಡವರಿಗೆ ಪ್ರಶ್ನೆ ಹಿಡಿಸುವುದಿಲ್ಲ ಎಂಬುದು ಹಳೇ ಮಾತು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳ ಮೇಲೆ ಕಾಯಿದೆ ಬಂತು. ಸರ್ಕಾರದ ಅಪ್ಪಣೆ ಇಲ್ಲದೆ ಪತ್ರಿಕೆ ನಡೆಸುವ ಹಾಗಿಲ್ಲ ಎಂದಾಯಿತು. ಕೈಕಟ್ಟಿ ನಿಂತು ಅಪ್ಪಣೆ ಪಡೆದಿದ್ದರೆ ಪತ್ರಿಕೆ ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಎಂದು ತಾತಯ್ಯನವರು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿಬಿಟ್ಟರು. ಆಗ ಅವರಿಗೆ ಅರವತ್ತು ದಾಟಿತ್ತು. ಅಷ್ಟು ವರ್ಷ ಬೆವರು ಸುರಿಸಿ ಬೆಳೆಸಿದ ಗಿಡವನ್ನು ತನ್ನ ಕೈಯಾರೆ ಕಡಿಯುವುದು ಹುಡುಗಾಟವೇ?

ಹಾಗೆಂದು ಮೂಲೆ ಹಿಡಿದು ಕೂರಲಿಲ್ಲ. 1922ರಲ್ಲಿ ದಾವಣಗೆರೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿದು ಬಂತು. ಅವರ ಕೈಯಿಂದ ಬೆಳೆದ ‘ಸಾಧ್ವಿ’ಯನ್ನು ಮುಂದೆ ಅಗರಂ ರಂಗಯ್ಯನವರು ಬಹುಕಾಲ ನಡೆಸಿದರು. ಭಾರತಕ್ಕೆ ದಾದಾಭಾಯಿ ನವರೋಜಿ ಹೇಗೋ ಮೈಸೂರಿಗೆ ಹಾಗೆ ವೆಂಕಟಕೃಷ್ಣಯ್ಯ ಎಂದು ಜನ ಅವರನ್ನು ‘ಮೈಸೂರಿನ ವೃದ್ಧ ಪಿತಾಮಹ’ ಎಂದರು. 1933ರ ನವೆಂಬರ್ 8ರಂದು ತಾತಯ್ಯ ಕಣ್ಣು ಮುಚ್ಚಿದಾಗ ವಯಸ್ಸು ತೊಂಬತ್ತರ ಹತ್ತಿರ.

ಮೂರಲ್ಲ, ಒಂದೇ ಕೆಲಸ

ಮೇಷ್ಟ್ರು, ಅನಾಥಾಲಯದ ಯಜಮಾನರು, ಪತ್ರಿಕೆಯ ಸಂಪಾದಕರು ಎಂದು ಅವರ ಕೆಲಸವನ್ನು ಮೂರು ಭಾಗ ಮಾಡಿ ಭಾಷಣದಲ್ಲಿ ಹೇಳುವುದುಂಟು. ಕೂಡಿಸಿ ನೋಡಿದರೆ ಎಲ್ಲಾ ಒಂದೇ ಕೆಲಸ. ಮಗುವಿಗೆ ಮೊದಲು ಅನ್ನ ಹಾಕು. ಅನ್ನ ಉಂಡವನಿಗೆ ಅಕ್ಷರ ಕಲಿಸು. ಅಕ್ಷರ ಕಲಿತವನ ಕೈಗೆ ಪತ್ರಿಕೆ ಕೊಟ್ಟು ಆಳುವವರನ್ನು ಪ್ರಶ್ನೆ ಕೇಳಲು ಕಲಿಸು. ಮೊದಲ ಮೆಟ್ಟಿಲು ಇಲ್ಲದೆ ಕೊನೆಯ ಮೆಟ್ಟಿಲು ಹತ್ತಲಾಗದು.

ಈ ದಾರಿಯಲ್ಲಿ ಆಮೇಲೆ ಬೇರೆಯವರೂ ನಡೆದರು. ನಂಜನಗೂಡು ತಾಲ್ಲೂಕಿನದೇ ಆದ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಮೊದಲು ಊಟ ವಸತಿ, ಆಮೇಲೆ 1954ರಲ್ಲಿ ವಿದ್ಯಾಪೀಠ. ಈ ಭಾಗದ ಅನೇಕ ಮನೆಗಳಲ್ಲಿ ‘ನಮ್ಮಪ್ಪ ಹಾಸ್ಟೆಲ್ ಅನ್ನ ತಿಂದು ಓದಿದ್ದು’ ಎಂದು ಹೇಳುವವರಿದ್ದಾರೆ. ಸರ್ಕಾರಕ್ಕೂ ತಡವಾಗಿ ಬುದ್ಧಿ ಬಂತು. 2002ರಲ್ಲಿ ಅಕ್ಷರ ದಾಸೋಹ ಶುರುವಾಗಿ ಶಾಲೆಯಲ್ಲೇ ಬಿಸಿಯೂಟ ಬಂತು, 2013ರಲ್ಲಿ ಹಾಲೂ ಬಂತು. ಮೇಷ್ಟ್ರೊಬ್ಬರು ನೂರು ವರ್ಷದ ಹಿಂದೆ ಕಂಡದ್ದನ್ನು ಕಾಣಲು ಕಡತಗಳಿಗೆ ಇಷ್ಟು ಕಾಲ ಹಿಡಿಯಿತು.

ಹಾರ ಹಾಕಿದರೆ ಮುಗಿಯಿತೇ?

ಮೈಸೂರಿನಲ್ಲಿ ತಾತಯ್ಯನವರ ಹೆಸರಿನ ಪಾರ್ಕಿದೆ, ಪ್ರತಿಮೆ ಇದೆ. ಜಯಂತಿ, ಪುಣ್ಯತಿಥಿಗೆ ಹಾರ ಬೀಳುತ್ತದೆ. ಉಳಿದ ದಿನ ಬಸ್ಸಿನ ಅವಸರದಲ್ಲಿ ಯಾರು ತಿರುಗಿ ನೋಡುತ್ತಾರೆ? ‘ಯಾರದಪ್ಪಾ ಈ ಪ್ರತಿಮೆ’ ಎಂದು ಮಕ್ಕಳು ಕೇಳಿದರೆ ‘ಯಾರೋ ಹಳೇ ಕಾಲದವರು’ ಎಂದು ಹೇಳಿ ಮುಂದೆ ಹೋಗುವವರೇ ಹೆಚ್ಚು.

ಈಗಿನ ಮೇಷ್ಟ್ರುಗಳನ್ನು ಸುಮ್ಮನೆ ಬೈಯುವುದೂ ನ್ಯಾಯವಲ್ಲ. ಗಣತಿ, ಚುನಾವಣೆ, ಸಮೀಕ್ಷೆ ಎಂದು ಇಲ್ಲದ ಕೆಲಸಗಳೆಲ್ಲ ಅವರ ತಲೆಯ ಮೇಲೆ. ಸಂಜೆ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ. ಆದರೂ ಇವತ್ತು ತರಗತಿಗೆ ಬಾರದ ಹುಡುಗ ಯಾಕೆ ಬರಲಿಲ್ಲ ಎಂದು ಮನೆ ಬಾಗಿಲಿಗೆ ಹೋಗಿ ಕೇಳುವ ಮೇಷ್ಟ್ರು ಪ್ರತಿ ಹೋಬಳಿಯಲ್ಲೂ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಅವರಿಗೆ ಯಾರೂ ಹಾರ ಹಾಕುವುದಿಲ್ಲ. ಅವರು ಕೇಳುವುದೂ ಇಲ್ಲ.

ಊರವರು ಮಾಡಬಹುದಾದದ್ದು ಇಷ್ಟೆ. ಫೀಸು ಕಟ್ಟಲಾಗದೆ, ಬಸ್ ಪಾಸಿಗೆ ದುಡ್ಡಿಲ್ಲದೆ, ಹಾಸ್ಟೆಲ್ ಸೀಟು ಸಿಗದೆ ಹತ್ತನೆಯ ಕ್ಲಾಸಿಗೇ ಚೀಲ ಗೂಟಕ್ಕೆ ನೇತುಹಾಕಿದ ಮಗು ತಮ್ಮ ಬೀದಿಯಲ್ಲಿ ಇದೆಯೇ ಎಂದು ಒಮ್ಮೆ ನೋಡುವುದು. ಅಂಗಡಿಯವರು ತಿಂಗಳಿಗೆ ನಾಲ್ಕು ನೋಟ್ ಪುಸ್ತಕ ತೆಗೆದಿಟ್ಟರೆ ಗಲ್ಲಾಪೆಟ್ಟಿಗೆ ಬರಿದಾಗುವುದಿಲ್ಲ. ಮರಿಮಲ್ಲಪ್ಪನವರ ಹಣ ಇದ್ದದ್ದರಿಂದ ಶಾಲೆಯಾಯಿತು, ತಾತಯ್ಯನವರಂಥ ಮೇಷ್ಟ್ರು ಸಿಕ್ಕಿದ್ದರಿಂದ ಆ ಶಾಲೆಗೆ ಜೀವ ಬಂತು. ಎರಡೂ ಬೇಕು.

ನಾಳೆ ಬೆಳಗ್ಗೆ ಹದಿನಾರಿನಲ್ಲಿ ಮತ್ತೆ ಬಸ್ಸು ಬರುತ್ತದೆ. ಚೀಲ ಹೊತ್ತ ಮಕ್ಕಳು ಮತ್ತೆ ಹತ್ತುತ್ತಾರೆ. ಒಂದು ಮಗುವಿಗೆ ಸ್ವಲ್ಪ ಸರಿದು ಜಾಗ ಕೊಡಿ.